ನಾಲ್ಕು ನೀರುಹಾವು, ಒಂದು ತೊಟ್ಟಿ: ಯಾವುದನ್ನು ಆರಿಸೋದು?

ನೀರುಹಾವು ಸಾಕಬೇಕು ಅಂತ ಯಾರಾದರೂ ಹೇಳಿದ ಕೂಡಲೇ ಸುತ್ತ ಇದ್ದವರು ಕೇಳುವ ಮೊದಲ ಪ್ರಶ್ನೆ ಒಂದೇ: "ವಿಷ ಇದೆಯಾ?" ಇದೆ, ಸ್ವಲ್ಪ. ಆದರೆ ನಾನಿಲ್ಲಿ ಹೋಲಿಸುವ ನಾಲ್ಕೂ ಹಾವುಗಳಲ್ಲಿ ಅದು ಹೆಚ್ಚುಕಮ್ಮಿ ಒಂದೇ ಥರ ಇದೆ. ಹಾಗಾಗಿ ವಿಷ ನೋಡಿ ಆರಿಸಲು ಹೊರಟರೆ ನಾಲ್ಕೂ ಒಂದೇ ಅನಿಸುತ್ತವೆ. ಬಣ್ಣ ನೋಡಿ ಆರಿಸಿದರೆ ಮೂರು ತಿಂಗಳಲ್ಲಿ ಬೇಜಾರಾಗುತ್ತದೆ. ನೋಡಬೇಕಾದ್ದು ಎರಡೇ: ಈ ಹಾವು ಎಂಥ ನೀರಿನದು, ಮತ್ತು ಮೀನನ್ನು ಹೇಗೆ ಹಿಡಿಯುತ್ತದೆ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾವು ಸಾಕಲು ಹಲವು ದೇಶಗಳಲ್ಲಿ ಪರವಾನಗಿ ಬೇಕು, ಕೆಲವು ಕಡೆ ಪೂರ್ತಿ ನಿಷೇಧ. ನಿಮ್ಮಲ್ಲಿ ಏನಿದೆ ಅಂತ ವಿಚಾರಿಸಿಕೊಂಡು ಮುಂದಕ್ಕೆ ಹೋಗಿ. ಸಾಕುವ ಯೋಚನೆ ಇಲ್ಲ, ಮೃಗಾಲಯದ ಗಾಜಿನ ಮುಂದೆ ಸುಮ್ನೆ ನಿಂತು ನೋಡುವವನು ನಾನು ಅನ್ನುವವರಿಗೂ ಯಾವ ಗಾಜಿನ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಕು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬರುತ್ತದೆ.

ಕಣದಲ್ಲಿರುವ ನಾಲ್ಕು ಇವು. ಎರ್ಪೆಟಾನ್ ಟೆಂಟಾಕ್ಯುಲೇಟಮ್, ಮೂತಿಯ ತುದಿಯಲ್ಲಿ ಎರಡು ಮೀಸೆ ಇರುವುದರಿಂದ ನಾನು ಮೀಸೆ ಹಾವು ಅನ್ನುತ್ತೇನೆ. ಎನ್‌ಹೈಡ್ರಿಸ್ ಎನ್‌ಹೈಡ್ರಿಸ್, ಅಂದರೆ ಕಾಮನಬಿಲ್ಲು ಹಾವು. ಹೋಮಲಾಪ್ಸಿಸ್ ಬುಕಾಟಾ, ಮುಖವಾಡದ ಹಾವು. ಸರ್ಬೆರಸ್ ರಿಂಕಾಪ್ಸ್, ನಾಯಿಮೂತಿ ಹಾವು. ಈ ಕನ್ನಡ ಹೆಸರುಗಳು ಮಾತಿನ ಅನುಕೂಲಕ್ಕೆ ನಾನು ಇಟ್ಟುಕೊಂಡವು, ನಿಘಂಟಿನಲ್ಲಿ ಹುಡುಕಬೇಡಿ.

ನಾಲ್ಕೂ ಹೋಮಲಾಪ್ಸಿಡೇ ಅನ್ನುವ ಒಂದೇ ಕುಟುಂಬದವು. ಭಾರತದಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಕೆಸರು, ಕೆರೆ, ಗದ್ದೆ, ಅಳಿವೆ ಇರುವಲ್ಲೆಲ್ಲ ಈ ಕುಟುಂಬದ 50ಕ್ಕೂ ಹೆಚ್ಚು ಜಾತಿಗಳಿವೆ. ಮುಖ ನೋಡಿದರೆ ಗುರುತು ಸಿಗುತ್ತದೆ. ಮೂಗಿನ ಹೊಳ್ಳೆ ಮೂತಿಯ ಮೇಲ್ಭಾಗದಲ್ಲಿದ್ದು, ನೀರಿಗಿಳಿದಾಗ ಮುಚ್ಚಿಕೊಳ್ಳುತ್ತದೆ. ಕಣ್ಣು ಪುಟ್ಟದು, ಅದೂ ತಲೆಯ ಮೇಲ್ಗಡೆಗೆ. ಮೊಸಳೆಯ ಹಾಗೆ, ಇಡೀ ಮೈ ನೀರೊಳಗಿಟ್ಟು ಹೊಳ್ಳೆ ಮತ್ತು ಕಣ್ಣು ಮಾತ್ರ ಹೊರಗೆ. ಇವು ಮೊಟ್ಟೆ ಇಡಲು ದಡಕ್ಕೆ ಬರುವುದೂ ಇಲ್ಲ, ನೇರ ಮರಿಯನ್ನೇ ಹಾಕುತ್ತವೆ. ಎಲ್ಲರಿಗೂ ಗೊತ್ತಿರುವ ನೀರೊಳ್ಳೆ ಈ ಪೈಕಿ ಅಲ್ಲ. ಅದು ಬೇರೆ ಕುಟುಂಬ, ಮೊಟ್ಟೆ ಇಡುತ್ತದೆ, ಕಣ್ಣು ದೊಡ್ಡದು, ತಲೆಯ ಪಕ್ಕಕ್ಕಿರುತ್ತದೆ.

ವಿಷದ ಮಾತು ಮುಗಿಸಿಬಿಡೋಣ

ವಿಷದ ಹಲ್ಲು ಮೇಲ್ದವಡೆಯ ಹಿಂದುಗಡೆ ಇದೆ. ನಾಗರಹಾವಿನ ಹಾಗೆ ಮುಂದಲ್ಲ. ಹಲ್ಲಿನ ಮೇಲೆ ಒಂದು ಕಾಲುವೆಯಂಥ ಗೀರು. ವಿಷ ಅದರಲ್ಲಿ ಇಳಿದು ಬರಬೇಕು. ಅದಕ್ಕೆ ಹಾವು ಕಚ್ಚಿ ಹಿಡಿದು, ಸ್ವಲ್ಪ ಅಗಿಯಬೇಕು. ಮೀನಿಗೆ ಅಷ್ಟು ಸಾಕು. ಮನುಷ್ಯನಿಗೆ ಸಾಮಾನ್ಯವಾಗಿ ಕಚ್ಚಿದ ಜಾಗದಲ್ಲಿ ಉರಿ, ಒಂದಿಷ್ಟು ಊತ. ಸೋಪು ನೀರಲ್ಲಿ ತೊಳೆದುಕೊಂಡರೆ ಆಯಿತು. ಊತ ಮೇಲಕ್ಕೆ ಏರುತ್ತಿದ್ದರೆ, ತಲೆ ಸುತ್ತಿದರೆ ಡಾಕ್ಟರ ಹತ್ತಿರ ಹೋಗಬೇಕು.

ಇಷ್ಟು ಧೈರ್ಯ ತೊಟ್ಟಿಯೊಳಗಿನ, ಗುರುತು ಪಕ್ಕಾ ಇರುವ ಹಾವಿಗೆ ಮಾತ್ರ. ಅಳಿವೆಯ ನೀರಲ್ಲಿ, ಮೀನಿನ ಬಲೆಯಲ್ಲಿ ಕಂಡ ಹಾವಿಗೆ ಈ ಲೆಕ್ಕ ಹಾಕಬೇಡಿ. ನಾಯಿಮೂತಿ ಹಾವು ಓಡಾಡುವ ನೀರಿನಲ್ಲೇ ಕಡಲ ಹಾವುಗಳೂ ಬರುತ್ತವೆ, ಅವುಗಳ ವಿಷ ಪ್ರಾಣ ತೆಗೆಯುತ್ತದೆ. ಕಡಲ ಹಾವಿನ ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ನಮ್ಮ ನಾಲ್ಕರ ಬಾಲ ಮಾಮೂಲಿ ಹಾವಿನ ಥರ ಸಣ್ಣಗಾಗುತ್ತಾ ಹೋಗುತ್ತದೆ. ಆದರೂ ಕಚ್ಚಿದ್ದು ಯಾವುದು ಅಂತ ಗೊತ್ತಿಲ್ಲದಿದ್ದರೆ ಬಾಲ ನೋಡುತ್ತಾ ನಿಲ್ಲಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಮೀಸೆ ಹಾವು

ನನ್ನ ಪಕ್ಷಪಾತ ಇದರ ಮೇಲೆಯೇ, ಮುಚ್ಚಿಡುವುದಿಲ್ಲ. ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂಗಳ ನಿಂತ ನೀರು, ನಿಧಾನಕ್ಕೆ ಹರಿಯುವ ನೀರು ಇದರ ಮನೆ. 1800ರಲ್ಲಿ ಫ್ರಾನ್ಸಿನ ಲಾಸೆಪೇಡ್ ಇದಕ್ಕೆ ಹೆಸರಿಟ್ಟರು. ಅದರ ಕುಲದಲ್ಲಿ ಇದೊಂದೇ ಜಾತಿ, ಅಣ್ಣತಮ್ಮಂದಿರು ಯಾರೂ ಇಲ್ಲ. ಉದ್ದ ಹೆಚ್ಚಿನವಕ್ಕೆ 50ರಿಂದ 70 ಸೆಂಟಿಮೀಟರ್. ಮೈಮೇಲೆ ಉದ್ದುದ್ದ ಪಟ್ಟೆ ಇರುವ ಬಗೆ ಒಂದು, ಮಚ್ಚೆ ಮಚ್ಚೆಯದು ಇನ್ನೊಂದು. ಹುರುಪೆ ಒರಟು, ಪಾಚಿ ಹಿಡಿದರೆ ಥೇಟ್ ಕೊಳೆತ ಕಡ್ಡಿ.

ಮೊದಲ ಸಲ ನೋಡುವವರು ತೊಟ್ಟಿ ಖಾಲಿ ಅಂದುಕೊಂಡು ಮುಂದೆ ಹೋಗುತ್ತಾರೆ. ನಾನೂ ಹಾಗೇ ಹೋದವನೇ. ಹಿಂದಿನಿಂದ ಬಂದ ಒಂದು ಮಗು "ಕೋಲಿಗೆ ಕಣ್ಣಿದೆ" ಅಂದಿತು, ಅದಕ್ಕೇ ವಾಪಸ್ಸು ತಿರುಗಿ ನೋಡಿದೆ. ಬಾಲವನ್ನು ಒಂದು ಕೊಂಬೆಗೆ ಸುತ್ತಿಕೊಂಡು, ಮೈಯನ್ನು ಓರೆಯಾಗಿ ಚಾಚಿ, ಕೊನೆಯಲ್ಲಿ ತಲೆಯನ್ನು ಹಿಂದಕ್ಕೆ ಮಡಚಿ ಕೊಕ್ಕೆ ಮಾಡಿಕೊಂಡು ನಿಂತಿತ್ತು. ಗಾಳಕ್ಕೆ ಹಾಕುವ ಕೊಕ್ಕೆ ಇರುತ್ತದಲ್ಲ, ಅದೇ ಆಕಾರ. ಆ ಕೊಕ್ಕೆಯ ಬಾಯಿಗೆ ಮೀನು ಬರುವ ತನಕ ಅದು ಅಲ್ಲಾಡುವುದಿಲ್ಲ. ಅರ್ಧ ಗಂಟೆ ಉಸಿರು ಕಟ್ಟಿ ನೀರೊಳಗೇ ಇರಬಲ್ಲದು.

ಇನ್ನು ಆ ಮೀನಿನ ಕಥೆ. ಮೀನಿನ ಮೆದುಳಿನ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ನರಕೋಶ ಇರುತ್ತವೆ, ಮೌತ್ನರ್ ಕೋಶ ಅಂತ ಹೆಸರು. ಎಡಗಡೆಯಿಂದ ಸದ್ದು ಬಂದರೆ ಎಡಗಡೆ ಕೋಶ ಸಿಡಿದು ಬಲಗಡೆ ಸ್ನಾಯುಗಳನ್ನೆಲ್ಲ ಒಟ್ಟಿಗೆ ಬಿಗಿಸುತ್ತದೆ. ಮೀನು ಬಿಲ್ಲಿನ ಹಾಗೆ ಬಾಗಿ, ಸದ್ದಿಗೆ ಬೆನ್ನು ಹಾಕಿ ಚಿಮ್ಮುತ್ತದೆ. ಯೋಚನೆಗೆ ಅಲ್ಲಿ ಜಾಗವೇ ಇಲ್ಲ. ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಹೊತ್ತಿನಲ್ಲಿ ಮೈ ತಿರುಗಿಬಿಡುತ್ತದೆ. ಮೀನನ್ನು ಬೇಟೆಗಾರರಿಂದ ಉಳಿಸುವುದು ಇದೇ ಗುಣ.

ಮೀಸೆ ಹಾವು ಇದನ್ನೇ ಬಳಸಿಕೊಳ್ಳುತ್ತದೆ. ಮೀನು ಕೊಕ್ಕೆಯೊಳಗೆ ಬಂದಾಗ ಒಂದು ಕಡೆ ತಲೆ, ಇನ್ನೊಂದು ಕಡೆ ಮೈ. ಹಾವು ಮೊದಲು ಮೈಯನ್ನು ಒಂಚೂರು ಅದುರಿಸುತ್ತದೆ. ಮೀನಿಗೆ ಆ ಕಡೆಯಿಂದ ಅಪಾಯ ಬಂತು ಅನಿಸಿ ಈ ಕಡೆಗೆ ಚಿಮ್ಮುತ್ತದೆ. ಈ ಕಡೆ ಇರುವುದು ಬಾಯಿ. ಎಷ್ಟೋ ಸಲ ಮೀನು ತಾನೇ ಹೋಗಿ ಬಾಯೊಳಗೆ ನುಗ್ಗಿದಂತೆ ಕಾಣುತ್ತದೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕೆನೆತ್ ಕಟಾನಿಯಾ ಅತಿವೇಗದ ಕ್ಯಾಮೆರಾ ಇಟ್ಟು ಇದನ್ನು ಚಿತ್ರೀಕರಿಸಿ 2009ರಲ್ಲಿ ಪ್ರಕಟಿಸಿದರು. ಮೀನು ಹಾವಿನ ತಲೆಗೆ ಸಮಾನಾಂತರವಾಗಿ ಇದ್ದಾಗ ಹತ್ತರಲ್ಲಿ ಸುಮಾರು ಎಂಟು ಸಲ ಅದು ತಲೆಯ ಕಡೆಗೇ ತಿರುಗಿತ್ತು. ಮೀನು ಬೇರೆ ದಿಕ್ಕಿಗೆ ಮುಖ ಮಾಡಿದ್ದರೆ ಹಾವು ಇನ್ನೊಂದು ಕೆಲಸ ಮಾಡುತ್ತದೆ: ಮೀನು ಈಗ ಎಲ್ಲಿದೆಯೋ ಅಲ್ಲಿಗಲ್ಲ, ಚಿಮ್ಮಿದ ಮೇಲೆ ಅದರ ತಲೆ ಎಲ್ಲಿ ಇರುತ್ತದೋ ಅಲ್ಲಿಗೆ ಬಾಯಿ ಹಾಕುತ್ತದೆ. ಮರುವರ್ಷ ಅವರೇ ಇನ್ನೊಂದು ಪರೀಕ್ಷೆ ಮಾಡಿದರು. ಜೀವಮಾನದಲ್ಲಿ ಮೀನನ್ನೇ ನೋಡಿರದ ಮರಿಗಳೂ ಮುಂದಿನ ಜಾಗಕ್ಕೇ ಬಾಯಿ ಹಾಕಿದವು. ಯಾರೂ ಕಲಿಸಿದ್ದಲ್ಲ, ಹುಟ್ಟಿನಿಂದ ಬಂದದ್ದು.

ಮೀಸೆ ಯಾಕೆ ಅನ್ನುವುದು ಬಹಳ ಕಾಲ ಊಹೆಯಲ್ಲೇ ಇತ್ತು. ಮೀನನ್ನು ಕರೆಯುವ ಎರೆ ಅಂದರು, ಗಿಡದಂತೆ ಕಾಣಲು ಅಂದರು. ಆಮೇಲೆ ನೋಡಿದರೆ ಅದರ ತುಂಬಾ ನರ. ನೀರು ಒಂಚೂರು ಅಲುಗಿದರೂ ಗೊತ್ತಾಗುತ್ತದೆ. ಹಾಗಾಗಿ ಕತ್ತಲೆಯಲ್ಲಿ, ಕದಡಿದ ನೀರಿನಲ್ಲಿ ಕೂಡ ಬೇಟೆ ನಡೆಯುತ್ತದೆ.

ಕೈಯಲ್ಲಿ ಎತ್ತಿದರೆ ಇದು ಸೆಟೆದುಕೊಳ್ಳುತ್ತದೆ. ಬಳುಕುವುದಿಲ್ಲ, ಒದ್ದಾಡುವುದಿಲ್ಲ, ನೇರ ಕೋಲಾಗಿ ಕೂತುಬಿಡುತ್ತದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಗಾದೆ ಇದೆಯಲ್ಲ, ಇಲ್ಲಿ ಎರಡೂ ಒಂದೇ. ನೆಲದ ಮೇಲೆ ಬಿಟ್ಟರೆ ಸರಿಯಾಗಿ ಹರಿಯಲೂ ಬರುವುದಿಲ್ಲ. ಹಾಗಾಗಿ ಸುಮ್ನೆ ಎತ್ತಬೇಡಿ. ಕೈಗೆ ತೆಗೆದುಕೊಂಡು ಆಡಿಸುವ ಹಾವು ಬೇಕು ಅನ್ನುವವರಿಗೆ ಇದು ಬೇಡವೇ ಬೇಡ. (ಹಾಗೆ ನೋಡಿದರೆ ನಾಲ್ಕರಲ್ಲಿ ಯಾವುದೂ ಬೇಡ.)

ಕಷ್ಟ ಎಲ್ಲಿ ಅಂದರೆ ಊಟದಲ್ಲಿ. ಮೀನು ಬಿಟ್ಟು ಬೇರೇನೂ ತಿನ್ನುವುದಿಲ್ಲ, ಅದೂ ಈಜಾಡುವ ಮೀನೇ ಬೇಕು. ಅದರ ಬೇಟೆಯೆಲ್ಲ ಮೀನಿನ ಚಲನೆಯ ಮೇಲೆ ನಿಂತಿರುವಾಗ ಸತ್ತ ಮೀನನ್ನು ಮುಂದೆ ತೇಲಿಬಿಟ್ಟರೆ ಅದಕ್ಕೇನು ತಿಳಿಯಬೇಕು? ಎರಡನೆಯದು ನೀರು. ಸ್ವಲ್ಪ ಹುಳಿ ಇರುವ, ಎಲೆ ಕೊಳೆತು ಕಂದಾದ ಮೆದು ನೀರು ಇದಕ್ಕೆ ಒಗ್ಗುತ್ತದೆ. ಗಡಸು ನೀರಿನಲ್ಲಿಟ್ಟರೆ ಚರ್ಮಕ್ಕೆ ಬೂಸ್ಟು ಹಿಡಿಯುವುದು ಜಾಸ್ತಿ.

ಕಾಮನಬಿಲ್ಲು ಹಾವು

ಹೆಸರು ಕೇಳಿ ಏಳು ಬಣ್ಣ ಇರಬೇಕು ಅಂತ ಹೋದರೆ ನಿರಾಸೆ. ಮೇಲೆ ಕಂದು ಹಸಿರು, ಬೆನ್ನ ಮೇಲೆ ಉದ್ದಕ್ಕೆ ಎರಡು ಮಾಸಲು ಪಟ್ಟೆ, ಹೊಟ್ಟೆ ತಿಳಿ. ಆದರೆ ಹುರುಪೆ ನಯ. ಪೊರೆ ಬಿಟ್ಟ ಮಾರನೆಯ ದಿನ ಓರೆಯಾಗಿ ಬೆಳಕು ಬಿದ್ದಾಗ ನೋಡಬೇಕು. ನೀರಿನ ಮೇಲೆ ಎಣ್ಣೆ ಚೆಲ್ಲಿದಾಗ ಬರುವ ಬಣ್ಣ ಮೈತುಂಬಾ ಓಡುತ್ತದೆ. ವಾರ ಕಳೆದರೆ ಮಂಕು.

ಪೂರ್ವ ಭಾರತದಿಂದ ಇಂಡೋನೇಷ್ಯಾದವರೆಗೆ ಇದರ ಹರವು. ಕೆರೆ, ಗದ್ದೆ, ಕಾಲುವೆ ಎಲ್ಲ ಕಡೆ ಇರುತ್ತದೆ. ಇಷ್ಟು ದೊಡ್ಡ ಹರವು ಅಂದರೆ ಅರ್ಥ ಏನು? ನೀರಿನ ವಿಷಯದಲ್ಲಿ ಹಟ ಕಮ್ಮಿ. ಮೀನಿನ ಜೊತೆಗೆ ಕಪ್ಪೆ, ಗೊದಮೊಟ್ಟೆಯನ್ನೂ ತಿನ್ನುತ್ತದೆ. ಇದು ಕಾದು ಕೂರುವುದಷ್ಟೇ ಅಲ್ಲ, ಗಿಡಗಳ ನಡುವೆ ತೂರಿ ಹುಡುಕಿಯೂ ತಿನ್ನುವುದರಿಂದ ತೊಟ್ಟಿಯಲ್ಲಿ ಏನಾದರೂ ನಡೆಯುತ್ತಲೇ ಇರುತ್ತದೆ. ಚಿಮಟದಲ್ಲಿ ಹಿಡಿದು ಅಲ್ಲಾಡಿಸಿದ ಸತ್ತ ಮೀನಿಗೆ ಒಗ್ಗಿಸುವುದೂ ಮೀಸೆ ಹಾವಿಗಿಂತ ಸುಲಭ.

ಮೊದಲ ಸಲ ನೀರುಹಾವು ಇಡುವವರಿಗೆ ನಾನು ಹೇಳುವುದು ಇದನ್ನೇ. ಬೆರಗು ಕಮ್ಮಿ, ತಲೆನೋವೂ ಕಮ್ಮಿ.

ಮುಖವಾಡದ ಹಾವು

ಮುಖದ ಮೇಲೆ ಕಪ್ಪು ಪಟ್ಟಿ ಕಟ್ಟಿದ ಹಾಗೆ ಇರುತ್ತದೆ, ಕೆನ್ನೆ ಉಬ್ಬಿದ ದಪ್ಪ ತಲೆ. ನಾಲ್ಕರಲ್ಲಿ ದೊಡ್ಡದು ಇದೇ, ಒಂದು ಮೀಟರ್ ದಾಟುತ್ತದೆ. ಮರಿಗಳು ಕಪ್ಪು-ಕಿತ್ತಳೆ ಪಟ್ಟೆಯಲ್ಲಿ ಬಹಳ ಚೆನ್ನ. ಮೋಸ ಹೋಗುವುದು ಅಲ್ಲಿಯೇ. ಮರಿ ನೋಡಿ ತಂದವರಿಗೆ ಕೆಲವು ವರ್ಷ ಕಳೆದ ಮೇಲೆ ಕಂದು ಬಣ್ಣದ, ಹಗಲೆಲ್ಲ ಕೆಸರಿನ ಬಿಲದಲ್ಲಿ ಮಲಗಿ ರಾತ್ರಿ ಮಾತ್ರ ಹೊರಬರುವ ದಪ್ಪ ಹಾವು ಸಿಗುತ್ತದೆ. ಇನ್ನೊಂದು ತೊಡಕು: ಒಂದೇ ಜಾತಿ ಅಂತ ತಿಳಿದಿದ್ದನ್ನು 2012ರಲ್ಲಿ ಹಲವು ಜಾತಿಗಳಾಗಿ ಬೇರೆ ಮಾಡಿದ್ದಾರೆ. ಹಳೆಯ ಹೆಸರಲ್ಲಿ ಮಾರುವ ಹಾವು ನಿಜಕ್ಕೂ ಯಾವುದು ಅನ್ನುವುದು ಮಾರುವವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ದೊಡ್ಡ ತೊಟ್ಟಿ, ಭಾರದ ಮುಚ್ಚಳ, ರಾತ್ರಿ ಎದ್ದಿರುವ ಅಭ್ಯಾಸ ಮೂರೂ ಇದ್ದರೆ ನೋಡಿ. ಇಲ್ಲದಿದ್ದರೆ ಬಿಡಿ.

ನಾಯಿಮೂತಿ ಹಾವು

ಗ್ರೀಕರ ಕಥೆಯಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ ಒಂದಿದೆ, ಸರ್ಬೆರಸ್ ಅಂತ. ಈ ಹಾವಿಗೆ ಆ ಹೆಸರು. ಕೆಳದವಡೆ ಒಂಚೂರು ಮುಂದಿದ್ದು, ಮುಖ ನೋಡಿದರೆ ಬೈಸಿಕೊಂಡ ನಾಯಿಯ ಹಾಗೆಯೇ ಕಾಣುತ್ತದೆ, ಸುಳ್ಳಲ್ಲ.

ಇದು ಪೂರ್ತಿ ಸಿಹಿನೀರಿನದಲ್ಲ. ಕಾಂಡ್ಲಾ ಕಾಡು, ಅಳಿವೆ, ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಬಯಲು ಇದರ ಜಾಗ. ಮೈಯೊಳಗೆ ಸೇರಿದ ಉಪ್ಪನ್ನು ಹೊರಹಾಕಲು ಬಾಯಿಯ ಮುಂಭಾಗದಲ್ಲಿ ಒಂದು ಗ್ರಂಥಿಯೇ ಇದೆ. ಹಿಡಿತ ಸಿಗದ ಜಾರು ಕೆಸರಿನ ಮೇಲೆ ಮರುಭೂಮಿಯ ಹಾವುಗಳಂತೆ ಪಕ್ಕಕ್ಕೆ ಮೈ ಎಸೆದು ಎಸೆದು ಓಡುತ್ತದೆ. ಮೀಸೆ ಹಾವು ನೆಲದ ಮೇಲೆ ಎಷ್ಟು ಪಾಪವೋ, ಇದು ಅಷ್ಟು ಚುರುಕು. ಸಿಟ್ಟೂ ಜಾಸ್ತಿ, ಹಿಡಿದರೆ ಕಚ್ಚುತ್ತದೆ, ಜೊತೆಗೆ ಗಬ್ಬು ವಾಸನೆ ಬಿಡುತ್ತದೆ.

ಇದೇ ಕೆಸರಿನಲ್ಲಿ ಇದರ ನೆಂಟರು ಏಡಿ ತಿನ್ನುತ್ತಾರೆ. ಗೆರಾರ್ಡಾ ಅನ್ನುವುದು ಆಗತಾನೇ ಚಿಪ್ಪು ಬದಲಿಸಿದ ಮೆತ್ತಗಿನ ಏಡಿಯನ್ನು ಮೈಯ ಸುರುಳಿಯೊಳಗೆ ಎಳೆದು ಹರಿದು, ತುಂಡು ತುಂಡಾಗಿ ನುಂಗುತ್ತದೆ. ಹಾವು ಅಂದರೆ ಇಡಿಯಾಗಿ ನುಂಗುವ ಪ್ರಾಣಿ ಅಂತ ಓದಿದ್ದೇವಲ್ಲ, ಅದು ಇಲ್ಲಿ ತಪ್ಪುತ್ತದೆ. 2002ರಲ್ಲಿ ಈ ಸಂಗತಿ ಪ್ರಕಟವಾಯಿತು. ನನ್ನ ಹೋಲಿಕೆಯಲ್ಲಿ ಗೆರಾರ್ಡಾ ಇಲ್ಲ, ಹೇಳದೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ನಾಯಿಮೂತಿ ಹಾವನ್ನು ಭಾರತದ ಕೋರಿಕೆಯ ಮೇಲೆ ಸೈಟಿಸ್ ಅನ್ನುವ, ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಮೂರನೇ ಪಟ್ಟಿಯಲ್ಲಿ ಸೇರಿಸಲಾಗಿದೆ. ಗಡಿ ದಾಟಿಸಲು ಕಾಗದಪತ್ರ ಬೇಕು. ಇದನ್ನು ತೊಟ್ಟಿಯಲ್ಲಿ ಇಡುವುದಕ್ಕಿಂತ ಇಳಿತದ ಹೊತ್ತಿಗೆ, ರಾತ್ರಿ, ಟಾರ್ಚ್ ಹಿಡಿದು ಕೆಸರಿನ ಅಂಚಿನಲ್ಲಿ ನೋಡುವುದೇ ಚೆಂದ ಅನ್ನುವುದು ನನ್ನ ಅನಿಸಿಕೆ. ತೊಟ್ಟಿಯಲ್ಲಿ ಆ ಓಟಕ್ಕೆ ಜಾಗ ಎಲ್ಲಿದೆ?

ತೊಟ್ಟಿಯ ಲೆಕ್ಕ

ನೀರಿನ ಬಿಸಿ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ನಾಲ್ಕಕ್ಕೂ ಆಗುತ್ತದೆ. ಹೀಟರ್‌ಗೆ ಜಾಲರಿ ಹಾಕಿ, ಇಲ್ಲದಿದ್ದರೆ ಹಾವು ಅದಕ್ಕೇ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಫಿಲ್ಟರ್ ಮೆಲ್ಲಗೆ ಓಡಬೇಕು, ಅದರಲ್ಲೂ ಮೀಸೆ ಹಾವಿಗೆ. ಯಾವಾಗಲೂ ಅಲುಗುವ ನೀರಿನಲ್ಲಿ ಅದರ ಮೀಸೆಗೆ ಮೀನು ಯಾವುದು, ಮೋಟಾರು ಯಾವುದು ಅಂತ ಹೇಗೆ ಗೊತ್ತಾಗಬೇಕು?

ನೀರಿನ ಆಳ ಎಷ್ಟಿರಬೇಕು ಅಂತ ಕೇಳುತ್ತಾರೆ. ಮೀಸೆ ಹಾವಿನ ಮಟ್ಟಿಗೆ ಲೆಕ್ಕ ಸುಲಭ. ಬಾಲ ಕೆಳಗಿನ ಕೊಂಬೆಗೆ ಸುತ್ತಿಕೊಂಡಿರುವಾಗಲೇ ಮೂತಿ ನೀರಿನ ಮೇಲಕ್ಕೆ ಎಟುಕಬೇಕು. ಮರಿಗಳಿಗೆ ಇನ್ನೂ ಕಮ್ಮಿ. ಕಾಮನಬಿಲ್ಲು ಹಾವಿಗೆ ಈಜುವ ಜಾಗ ಜಾಸ್ತಿ ಕೊಡಿ, ಮೇಲೆ ತೇಲುವ ಗಿಡ ಬಿಡಿ.

ಊಟದಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪು ಗೋಲ್ಡ್‌ಫಿಶ್. ಅಗ್ಗಕ್ಕೆ ಸಿಗುತ್ತದೆ, ಹಾವು ಇಷ್ಟಪಟ್ಟು ತಿನ್ನುತ್ತದೆ. ಆದರೆ ಅದರ ಮೈಯಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ, ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಹಾವಿಗೆ ನಡುಕ ಬರುತ್ತದೆ, ತೋಲ ತಪ್ಪುತ್ತದೆ. ಗಪ್ಪಿ, ಮಾಲಿ, ಪ್ಲಾಟಿ ಅನ್ನುವ ಪುಟ್ಟ ಮೀನುಗಳನ್ನು ಹಾಕಿ. ಇವು ಮನೆಯಲ್ಲೇ ಇನ್ನೊಂದು ತೊಟ್ಟಿಯಲ್ಲಿ ಮರಿ ಹಾಕುತ್ತಾ ಹೋಗುತ್ತವೆ, ಹೊರಗಿನ ರೋಗವೂ ಒಳಗೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ಮೀಸೆ ಹಾವು ಇಡುವವರು ಹಾವು ಸಾಕುವವರಿಗಿಂತ ಜಾಸ್ತಿ ಮೀನು ಸಾಕುವವರು. ಅದು ಬೇಡ ಅನಿಸಿದರೆ ಕಾಮನಬಿಲ್ಲಿನ ಕಡೆಗೇ ಹೋಗಿ.

ಎಲ್ಲಿಂದ ಬಂದ ಹಾವು?

ಎರಡು ಹಾವುಗಳ ನಡುವೆ ತೀರ್ಮಾನ ಆಗದೆ ಕೂತಿದ್ದರೆ ಈ ಪ್ರಶ್ನೆ ಕೇಳಿ. ಕಾಂಬೋಡಿಯಾದಲ್ಲಿ ತೋನ್ಲೆ ಸಾಪ್ ಅನ್ನುವ ದೊಡ್ಡ ಸರೋವರ ಇದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ, ಸರೋವರದಿಂದ ಅದಕ್ಕೆ ಸೇರುವ ನದಿ ಹಿಂದಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇದ್ದ ನೀರು ಐದಾರು ಪಟ್ಟು ಹರಡಿ ಕಾಡನ್ನೆಲ್ಲ ಮುಳುಗಿಸುತ್ತದೆ. ಮೀನಿಗೆ ಹಬ್ಬ, ಮೀನು ತಿನ್ನುವ ಹಾವಿಗೂ ಹಬ್ಬ. ಮೀಸೆ ಹಾವು, ಕಾಮನಬಿಲ್ಲು ಹಾವು, ಮುಖವಾಡದ ಹಾವಿನ ಗುಂಪಿನವು ಎಲ್ಲ ಅಲ್ಲಿವೆ. ಮೀನು ಕಮ್ಮಿಯಾದಾಗ ಅಲ್ಲಿನ ಮೀನುಗಾರರು ಬಲೆ ಹಾಕಿ ಹಾವು ಹಿಡಿಯತೊಡಗಿದರು. 2000ದ ದಶಕದ ಅಧ್ಯಯನದ ಅಂದಾಜಿನಂತೆ ವರ್ಷಕ್ಕೆ 69 ಲಕ್ಷ ಹಾವು. ಬಹುಪಾಲು ಹೋದದ್ದು ಮೊಸಳೆ ಸಾಕಣೆಯ ಊಟಕ್ಕೆ, ದೊಡ್ಡವು ಚರ್ಮಕ್ಕೆ. ಅದರಲ್ಲಿ ಅತಿ ಹೆಚ್ಚು ಸಿಕ್ಕಿದ್ದು ಕಾಮನಬಿಲ್ಲು ಹಾವೇ.

ಹಾಗಾಗಿ ಅಗ್ಗಕ್ಕೆ ಸಿಗುವ ಕಾಮನಬಿಲ್ಲು ಹಾವು ಕಾಡಿನಿಂದ ಹಿಡಿದು ತಂದದ್ದೇ ಇರುವ ಸಾಧ್ಯತೆ ಜಾಸ್ತಿ. ಬಲೆಯಲ್ಲಿ ಉಜ್ಜಿದ ಮೂತಿ, ಹೊಟ್ಟೆಯೊಳಗೆ ಹುಳು, ಒಣ ಚೀಲದಲ್ಲಿ ದಿನಗಟ್ಟಲೆ ಪ್ರಯಾಣ. ಸಿಕ್ಕರೆ ತೊಟ್ಟಿಯಲ್ಲೇ ಹುಟ್ಟಿದ ಮರಿ ತೆಗೆದುಕೊಳ್ಳಿ. ಮೀಸೆ ಹಾವು ಕೂಡ ತೊಟ್ಟಿಯಲ್ಲಿ ಮರಿ ಹಾಕುತ್ತದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಕೆಲವು ವರ್ಷ ಕಾದ ಮೇಲೆ 2012ರಲ್ಲಿ ಮರಿಗಳು ಹುಟ್ಟಿದವು. ತೊಟ್ಟಿಯಲ್ಲಿ ಹುಟ್ಟಿದ ಮೀಸೆ ಹಾವಿನ ಮರಿ ಮತ್ತು ಹಿಡಿದು ತಂದ ಕಾಮನಬಿಲ್ಲು ಹಾವು ಎರಡು ಎದುರಿಗಿದ್ದರೆ, ಹೊಸಬರಿಗೂ ನಾನು ಮೀಸೆ ಹಾವನ್ನೇ ಹೇಳುತ್ತೇನೆ.

ತರುವ ಮೊದಲು ಅದು ತಿನ್ನುವುದನ್ನು ನಿಮ್ಮ ಕಣ್ಣೆದುರಿಗೇ ತೋರಿಸಲು ಹೇಳಿ. ಬೆನ್ನಮೂಳೆ ಎದ್ದು ಕಾಣಬಾರದು. ಹುರುಪೆಯ ಮೇಲೆ ಹತ್ತಿಯಂಥ ಬಿಳಿ ಚುಕ್ಕೆ ಇರಬಾರದು. ಮತ್ತೆ ಮತ್ತೆ ಮೇಲೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಮೀಸೆ ಹಾವಾದರೆ ಒಂದು ಗಪ್ಪಿ ಬಿಡಿಸಿ ಹತ್ತು ನಿಮಿಷ ಕಾಯಿರಿ. ಕೊಕ್ಕೆ ಹಾಕಿಕೊಂಡು ನಿಂತರೆ ಆರೋಗ್ಯ ಚೆನ್ನಾಗಿದೆ. ಬಾಯಿ ಹಾಕಿದ್ದು ನಿಮಗೆ ಕಾಣಿಸುವುದಿಲ್ಲ. ಮೀನು ಇತ್ತು, ಈಗ ಇಲ್ಲ, ಅಷ್ಟೇ ಗೊತ್ತಾಗುತ್ತದೆ.